ಮೈಗೂದಲಿನ ಮಾತು ಬಾಯಿಬಿಟ್ಟು ಆಡೋಣ

ಹೋದ ಸಲ ನಮ್ಮ ವಾಚನಾಲಯ ಹೊರತಂದ ಪುಸ್ತಕದಾಗ ಒಬ್ಬ ಹಿರಿಯರು ಬರೆದಿದ್ದರು. ಈಗಿನ ಹುಡುಗರು ಎದೆ, ಬಗಲು, ಕೈಕಾಲು ಬೋಳಿಸಿಕೊಂಡು ಹೆಣ್ಣಿಗರಾಗುತ್ತಿದ್ದಾರೆ, ಗಂಡಸಿಗೆ ಎದೆಗೂದಲು ಅಂದರೆ ಸಿಂಹಕ್ಕೆ ಕೇಸರ ಇದ್ದ ಹಾಗೆ, ಇವತ್ತು ಅದನ್ನು ತೆಗೆದವನು ನಾಳೆ ಮೀಸೆ ತೆಗೆದು ನಾಡದು ಸೀರೆ ಉಡುತ್ತಾನೆ, ಅಂತ. ಓದಿದವರು ಬಹಳ ನಕ್ಕರು. ಕಟ್ಟೆಯ ಮೇಲೆ ಒಬ್ಬರು ಗಟ್ಟಿಯಾಗಿ ಓದಿದರು, ಉಳಿದವರು ಇನ್ನೊಮ್ಮೆ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕ ಹೇಳಲಿ. ಆದರ ಆ ನಗು ಒಬ್ಬ ಹುಡುಗನ ಮೈಮೇಲೆ ಹೆಂಗ ಬಿತ್ತು ಅನ್ನೋದನ್ನ ಕಣ್ಣಾರೆ ಕಂಡ ಮೇಲೆ ಈ ಲೇಖನ ಬರೆಯಲಿಕ್ಕೆ ಕೂತೀನಿ. ನಾನು ಏಳನೇ ಇಯತ್ತೆ ಕಲಿತವ. ಹೊಲ ಮತ್ತು ಹಾಡು ಬಿಟ್ಟರೆ ಬೇರೆ ಗೊತ್ತಿಲ್ಲ. ಈ ಲೇಖನದಾಗಿನ ಔಷಧದ ಮಾತು, ಇಸವಿ, ಲೆಕ್ಕ ಎಲ್ಲಾ ವಾಚನಾಲಯದಾಗ ಕೂತು ಮಾಸ್ತರರಿಂದ ಓದಿಸಿಕೊಂಡದ್ದು, ಮತ್ತು ಸೊಲ್ಲಾಪುರದ ಔಷಧ ಅಂಗಡಿಯೊಳಗೆ ಕೆಲಸ ಮಾಡುವ ನನ್ನ ತಂಗಿಯ ಮಗನನ್ನು ಕೇಳಿ ಕೇಳಿ ತಿಳಿದುಕೊಂಡದ್ದು.

ನಮ್ಮ ಮನೆತನದೊಳಗಿನ ಹುಡುಗ, ನನಗೆ ಮೊಮ್ಮಗ ಆಗಬೇಕು. ಹೆಸರು ಬ್ಯಾಡ. ಲಗ್ನ ಎಂಟು ದಿನ ಇತ್ತು. ಮನೆಯಾಗ ಶಾವಿಗೆ ಹೊಸೆಯೋದು, ಹಪ್ಪಳ ಲಟ್ಟಿಸೋದು ನಡೆದಿತ್ತು. ಹುಡುಗ ಮಾತ್ರ ಕಾಲು ಅಗಲಿಸಿ ಅಗಲಿಸಿ ನಡೆಯುತ್ತಿದ್ದ. ಕೇಳಿದರೆ ಗಾಡಿ ಮೇಲಿಂದ ಬಿದ್ದೆ ಅಂದ. ಮದುಮಗ ಗಾಡಿ ಯಾಕ ಹೊಡೀತಾನ ಅಂತ ಅವನ ಅವ್ವ ಬೈದಳು. ನಾಲ್ಕನೇ ದಿನ ಮೈ ಕೆಂಡದಂಗ ಸುಡತಿತ್ತು. ರಾತ್ರಿ ನನ್ನ ಹತ್ತಿರ ಬಂದು ಅಂಗಳದಾಗ ನಿಂತು, "ಮುತ್ಯಾ, ನೀ ಯಾರಿಗೂ ಹೇಳಬ್ಯಾಡ, ನನ್ನ ದವಾಖಾನಿಗೆ ಕರ್ಕೊಂಡು ಹೋಗು" ಅಂದ. ಬ್ಯಾಟರಿ ಹಚ್ಚಿ ನೋಡಿದೆ. ತೊಡೆಸಂದಿಯಿಂದ ಹಿಡಿದು ಅಂಡದ ಚೀಲದ ತನಕ ಚರ್ಮ ಸುಲಿದು ಹಸಿ ಆಗಿತ್ತು, ಒಂದು ಕಡೆ ಕೀವು ಕೂಡಿತ್ತು.

ಆದದ್ದು ಇಷ್ಟು. ಗೆಳೆಯರು ಯಾರೋ, ಲಗ್ನದ ಮೊದಲು "ಕ್ಲೀನ್" ಆಗಬೇಕು ಅಂದಾರ. ಕೂದಲು ಉದುರಿಸುವ ಕ್ರೀಮು ತಂದು, ಬೋಲ್ಟು ಹಾಕಿದ ಬಚ್ಚಲದಾಗ ಹಚ್ಚಿಕೊಂಡಾನ. ಡಬ್ಬಿಯ ಮೇಲಿನ ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರ ಯಾರು ಓದಬೇಕು? ಕೂದಲು ದಪ್ಪ ಅದಾವ ಅಂತ ಅರ್ಧ ತಾಸು ಬಿಟ್ಟಾನ. ಉರಿ ಹತ್ತಿದ ಮೇಲೆ ತೊಳೆದು ಮೊದಲು ಹಲ್ಲುಜ್ಜುವ ಪೇಸ್ಟು, ಮರುದಿನ ಅರಿಶಿಣ, ಅದರ ಮರುದಿನ ತುರಿಕೆಗೆ ಅಂತ ಮನೆಯಾಗ ಬಿದ್ದಿದ್ದ ಯಾವುದೋ ಟ್ಯೂಬು. ಸೊಲ್ಲಾಪುರದಾಗ ತೋರಿಸಿದಾಗ ಡಾಕ್ಟರು ಅವನಿಗಲ್ಲ, ನನಗೆ ಬೈದರು. "ಅಜ್ಜಾರ, ಇನ್ನೆರಡು ದಿನ ಬಿಟ್ಟಿದ್ದರೆ ಕೊಯ್ಯೋ ಪ್ರಸಂಗ ಬರತಿತ್ತು. ನಾಲ್ಕು ದಿನ ಮನೆಯಾಗ ಒಬ್ಬರಿಗೂ ಹೇಳಲಿಕ್ಕೆ ಆಗಲಿಲ್ಲೇನು ಇವನಿಗೆ?" ಅಂದರು. ಲಗ್ನ ಹೇಳಿದ ದಿನಕ್ಕೇ ಆಯಿತು. ಅಕ್ಕಿಕಾಳು ಬೀಳೋತನಕ ಅವ ನಿಂತದ್ದು ನನ್ನ ಮತ್ತು ಅವನ ಸೋದರಮಾವನ ಹೆಗಲ ಮೇಲೆ.

ಯಾಕ ಹೇಳಲಿಲ್ಲ ಅಂತ ಹಾದಿಯೊಳಗ ನಾನೂ ಕೇಳಿದೆ. "ಹೇಳಿದ್ದರೆ ಕಟ್ಟಿ ಮ್ಯಾಲೆ ಸೀರಿ ಉಡತಾನ ಅಂತಿದ್ರಿ" ಅಂದ. ಪುಸ್ತಕದೊಳಗಿನ ಮಾತು ಅಕ್ಷರ ಬಿಡದಂಗ ನೆನಪಿಟ್ಟಿದ್ದ. ನಾನು ನಕ್ಕದ್ದನ್ನೂ ನೋಡಿದ್ದ.

ಹಿರಿಯರೇ, ನಿಮ್ಮ ಮೇಲೆ ನನಗೆ ಗೌರವ ಅದ. ಆದರ ನೀವು ಬರೆದದ್ದು ತಪ್ಪು. ತಪ್ಪು ಅನ್ನಲಿಕ್ಕೆ ನನಗಿಂತ ಹೆಚ್ಚಿನ ಅಧಿಕಾರ ಈ ಊರಾಗ ಯಾರಿಗೂ ಇಲ್ಲ, ಯಾಕಂದ್ರ ನಾನು ಸೀರೆ ಉಟ್ಟವ. ಪಾರಿಜಾತದಾಗ ಸತ್ಯಭಾಮೆ, ಸಂಗ್ಯಾ ಬಾಳ್ಯಾದಾಗ ಗಂಗಿ, ಹನ್ನೆರಡು ವರ್ಷ ಹೆಣ್ಣುಪಾತ್ರ ಮಾಡಿದೆ. ಎದೆ, ಕೈ, ಬೆನ್ನು ಎಲ್ಲಾ ಬೋಳಿಸಿ ಕುಬಸ ತೊಟ್ಟೆ. ಹಗಲು ರಂಟೆ ಹೊಡೆದೆ, ರಾತ್ರಿ ಸೆರಗು ಹೊದ್ದೆ. ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳು. ನಿಮ್ಮ ಲೆಕ್ಕದ ಪ್ರಕಾರ ಗಂಡಸ್ತನ ಎದೆಗೂದಲಿನಾಗ ಇದ್ದಿದ್ದರೆ ನನ್ನದು ಎಂದೋ ಬಚ್ಚಲದ ನೀರಿನಾಗ ಹರಿದು ಹೋಗಬೇಕಿತ್ತು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಸೀರೆ ಉಟ್ಟು ನಿಂತರೆ ದೊಡ್ಡ ದೊಡ್ಡ ಮನೆತನದ ಹೆಣ್ಣುಮಕ್ಕಳು ಅವರನ್ನು ನೋಡಿ ಸೀರೆ ಉಡೋದು ಕಲಿತರು. ಅವರನ್ನು ಹೆಣ್ಣಿಗ ಅಂದವರ ಹೆಸರು ಯಾರಿಗೂ ನೆನಪಿಲ್ಲ. ನಮ್ಮ ಪೈಲವಾನರ ಮಾತು ಕೇಳಿರಿ. ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯೊಳಗೆ ದೇಶಕ್ಕೆ ಕಂಚಿನ ಪದಕ ತಂದಾಗ ಅವರ ಎದೆಯ ಮೇಲೆ ಕೂದಲು ಎಷ್ಟು ಇತ್ತು ಅಂತ ಯಾರಾದರೂ ಎಣಿಸಿದರೇನು?

ಇದು ಹೊಸ ಫ್ಯಾಶನ್ ಅನ್ನೋದೂ ಸುಳ್ಳು. ಸುಶ್ರುತಸಂಹಿತೆಯೊಳಗೆ ಗಾಯಕ್ಕೆ ಮಾಡುವ ಅರವತ್ತು ಉಪಚಾರ ಹೇಳ್ಯಾರ. ಅದರೊಳಗೆ ರೋಮ ತೆಗೆಯೋದೂ ಒಂದು, ರೋಮ ಬೆಳೆಸೋದೂ ಒಂದು. ಅಂದರೆ ಆ ವೈದ್ಯರಿಗೆ ಕೂದಲು ಮಾನವೂ ಅಲ್ಲ, ಅಪಮಾನವೂ ಅಲ್ಲ, ಬೇಕಾದಲ್ಲಿ ಇರಲಿ, ಬ್ಯಾಡಾದಲ್ಲಿ ಹೋಗಲಿ ಅಷ್ಟೇ. ನಮ್ಮ ಊರ ಮುಸಲ್ಮಾನ ಗೆಳೆಯರನ್ನು ಕೇಳಿರಿ. ಬಗಲ ಮತ್ತು ಕೆಳಗಿನ ಕೂದಲನ್ನು ನಲವತ್ತು ದಿನ ದಾಟಿ ಬಿಡಬಾರದು ಅಂತ ಅವರ ಹದೀಸಿನಾಗ ಅದ. ಮೊಹರಮ್ ಹಾಡಿಗೆ ನನ್ನ ಜೋಡಿ ಇಪ್ಪತ್ತು ವರ್ಷ ದನಿಗೂಡಿಸಿದ ಗೆಳೆಯನೇ ಇದನ್ನು ಹೇಳಿದ್ದು. ಅವನಿಗೆ ಇದರೊಳಗೆ ನಾಚಿಕೆ ಏನೂ ಇರಲಿಲ್ಲ, ಉಗುರು ಕತ್ತರಿಸಿದಂಗ. ಇನ್ನು ಜೈನ ಮುನಿಗಳ ಕೇಶಲೋಚ ನಮ್ಮ ಸೀಮೆಯವರು ನೋಡದೇ ಇಲ್ಲ. ತಲೆ, ಗಡ್ಡ, ಮೀಸೆಯ ಕೂದಲನ್ನು ಬರಿಗೈಲೆ ಕಿತ್ತುಕೊಳ್ಳತಾರ. ಬೆಳಗಾವಿ ಸೀಮೆಯ ಆಚಾರ್ಯ ಶಾಂತಿಸಾಗರರು, 1955ರಲ್ಲಿ ಕುಂಥಲಗಿರಿಯೊಳಗೆ ಸಲ್ಲೇಖನದಿಂದ ದೇಹ ಬಿಟ್ಟವರು, ಇದೇ ವ್ರತ ಹಿಡಿದವರು. ಅವರು ಕೂದಲು ಕಿತ್ತದ್ದು ಚೆಂದ ಕಾಣಲಿಕ್ಕೆ ಅಲ್ಲ, ಚೆಂದದ ಹಂಗು ಬಿಡಲಿಕ್ಕೆ. ಹಂಗಂತ ಚೆಂದಕ್ಕೆ ತೆಗೆಯುವವ ಪಾಪಿ ಆಗೋದಿಲ್ಲ. ದಾಡಿ ಮಾಡಿಕೊಂಡು ಲಗ್ನಕ್ಕೆ ಹೋಗೋದಿಲ್ಲೇನು ನಾವು?

ಇಷ್ಟು ಹೇಳಿದ ಮೇಲೆ ಹುಡುಗರ ಕಡೆ ತಿರುಗತೀನಿ. ತಮ್ಮಾ, ಮುತ್ಯಾ ನಮ್ಮ ಪಕ್ಷ ಅಂತ ಚಪ್ಪಾಳೆ ಹೊಡೀಬ್ಯಾಡ್ರಿ. ಆ "ಕ್ಲೀನ್" ಅನ್ನೋ ಮಾತು ನಿಮಗೆ ಯಾರು ಕಲಿಸಿದರು? ಕೂದಲು ಹೊಲಸಲ್ಲ. ಬಗಲು ನಾರೋದು ಕೂದಲಿನಿಂದ ಅಲ್ಲ, ಬೆವರಿನೊಳಗೆ ಬೆಳೆಯುವ ಸೂಕ್ಷ್ಮ ಜೀವಿಗಳಿಂದ. ಕೂದಲು ಗಿಡ್ಡ ಇದ್ದರೆ ತೊಳೆಯಲಿಕ್ಕೆ ಸಸಾರ, ಅದು ಖರೆ. ಆದರ ಬೋಳಿಸಿಕೊಂಡು ಎರಡು ದಿನ ಜಳಕ ಮಾಡದವನಿಗಿಂತ ಬೋಳಿಸದೆ ದಿನಾ ಸಾಬೂನು ಹಚ್ಚುವವ ಸ್ವಚ್ಛ. ದೇವರು ಸುಮ್ಮನೆ ಕೊಟ್ಟಿಲ್ಲ ಅದನ್ನು. ಬಗಲು, ತೊಡೆಸಂದಿಯೊಳಗೆ ಚರ್ಮಕ್ಕೆ ಚರ್ಮ ತಿಕ್ಕದಂಗ ನಡುವೆ ಇರತದ. ಪ್ರತಿ ಕೂದಲಿನ ಬುಡಕ್ಕೂ ನರ ಅದ. ಇಂಗ್ಲೆಂಡಿನ ಶೆಫೀಲ್ಡಿನವರು 2011ರಲ್ಲಿ ಒಂದು ಸಂಶೋಧನೆ ಪ್ರಕಟ ಮಾಡಿದರು. ಒಂದು ತೋಳು ಬೋಳಿಸಿ, ಇನ್ನೊಂದು ಹಂಗೇ ಬಿಟ್ಟು, ಅದರ ಮೇಲೆ ತಗಣಿ ಬಿಟ್ಟು ನೋಡಿದರಂತ. ಕೂದಲಿದ್ದ ತೋಳಿನ ಮೇಲೆ ತಗಣಿಗೆ ಕಚ್ಚುವ ಜಾಗ ಹುಡುಕಲಿಕ್ಕೆ ತಡ ಆಯಿತು, ಮನುಷ್ಯನಿಗೂ ಹುಳ ಹರಿಯೋದು ಬೇಗ ತಿಳಿಯಿತು. ಇಷ್ಟು ತಿಳಿಯಲಿಕ್ಕೆ ಇಂಗ್ಲೆಂಡಿಗೆ ಯಾಕ ಹೋಗಬೇಕು, ನಮ್ಮ ಹಳೇ ಮಂಚದ ಮೇಲೆ ಒಂದು ರಾತ್ರಿ ಮಲಗಿದ್ದರೆ ಸಾಕಿತ್ತು ಅಂತ ನಾನು ಮಾಸ್ತರರಿಗೆ ಅಂದೆ.

ನಾಚಿಕೆ ಮಾರುವ ವ್ಯಾಪಾರ ಹೆಂಗ ಬೆಳೀತು ಅದನ್ನೂ ಕೇಳಿರಿ. ಅಮೇರಿಕಾದ ಜಿಲೆಟ್ ಅನ್ನೋ ಮನುಷ್ಯ ಬ್ಲೇಡು ಬದಲಿಸುವ ರೇಜರು ಮಾರಲಿಕ್ಕೆ ಹಚ್ಚಿದ್ದು 1903ರಲ್ಲಿ. ಆ ವರ್ಷ ಮಾರಿದ್ದು 51 ರೇಜರು, 168 ಬ್ಲೇಡು. ಮರುವರ್ಷ ತೊಂಬತ್ತು ಸಾವಿರ ದಾಟಿತು. ಗಂಡಸರ ದಾಡಿ ಎಷ್ಟಂತ ಮಾರೋದು? 1915ಕ್ಕೆ ಹೆಂಗಸರಿಗಂತ ಬೇರೆ ರೇಜರು ತಂದರು. ಅಲ್ಲಿಯ ತನಕ ಹೆಂಗಸಿನ ಬಗಲ ಕೂದಲಿನ ಬಗ್ಗೆ ಅಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಮುಂದೆ ಜಾಹೀರಾತು ಮಾಡಿ ಮಾಡಿ ಅದು ಅಸಹ್ಯ ಅಂತ ನಂಬಿಸಿದರು. ಹೆಂಗಸರ ಮೈ ಮುಗಿದ ಮೇಲೆ ಈಗ ತಿರುಗಿ ಗಂಡಸಿನ ಎದೆ, ಬೆನ್ನು, ತೊಡೆಗೆ ಬಂದು ನಿಂತಾರ. ರೈತನಿಗೆ ಇದು ಹೊಸದಲ್ಲ. ಮೊದಲು ರೋಗದ ಹೆದರಿಕೆ ಮಾರತಾರ, ಆಮೇಲೆ ಔಷಧ ಮಾರತಾರ.

ಆದರೂ ತೆಗೀಬೇಕು ಅನಸತದ, ತೆಗೀರಿ. ಲಗ್ನ ಅದ, ಕುಸ್ತಿ ಅದ, ಸೆಕೆ ತಡೀಲಿಕ್ಕೆ ಆಗೋದಿಲ್ಲ. ಸೊಲ್ಲಾಪುರ ಜಿಲ್ಲೆಯ ವೈಶಾಖ ನನಗೂ ಗೊತ್ತದ. ಯಾವುದರಿಂದ ತೆಗೀಬೇಕು ಅನ್ನೋದರಾಗ ಬುದ್ಧಿ ಇರಲಿ. ನನ್ನ ಮಾತು ಒಂದೇ: ಬುಡಕ್ಕೆ ಹೋಗಬ್ಯಾಡ್ರಿ, ತುದಿ ಕತ್ತರಿಸಿರಿ. ಕತ್ತರಿ, ಇಲ್ಲಾ ಈಗ ಬಂದಿರುವ ಟ್ರಿಮ್ಮರ್. ಚರ್ಮಕ್ಕೆ ಹರಿತ ತಾಗದಂಗ ಬಾಚಣಿಕೆ ಹಚ್ಚಿಕೊಂಡು, ಜೋಳದ ಕಾಳಿನ ಅರ್ಧದಷ್ಟು ಉಳಿಸಿ ಕತ್ತರಿಸಿದರೆ ಕೆಲಸ ಮುಗೀತು. ಗಾಯ ಇಲ್ಲ, ಉರಿ ಇಲ್ಲ, ಹದಿನೈದು ದಿನಕ್ಕೊಮ್ಮೆ ಐದು ನಿಮಿಷದ ಕೆಲಸ. ಇದು ಬಡವರ ಉಪಾಯ ಅಂತ ಮೂಗು ಮುರೀಬ್ಯಾಡ್ರಿ. ಮೊದಲು ಆಪರೇಶನ್ನಿಗೆ ಹೋದರೆ ಹಿಂದಿನ ರಾತ್ರಿ ಬ್ಲೇಡಿನಿಂದ ಬೋಳಿಸುತ್ತಿದ್ದರು, ನೆನಪದ ಅಲ್ಲ? ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಲ್ಲಾ ದೇಶದ ಡಾಕ್ಟರರಿಗೆ ಹೇಳಿತು: ಆಪರೇಶನ್ನಿಗೆ ಕೂದಲು ತೆಗೆಯಲೇಬ್ಯಾಡ್ರಿ, ತೆಗೆಯಲೇಬೇಕು ಅಂದರೆ ಕತ್ತರಿಸುವ ಯಂತ್ರದಿಂದ ಮಾತ್ರ ತೆಗೀರಿ, ಬ್ಲೇಡಿನಿಂದ ಬೋಳಿಸಲೇಬ್ಯಾಡ್ರಿ ಅಂತ. ಬ್ಲೇಡು ಕಣ್ಣಿಗೆ ಕಾಣದ ಸಣ್ಣ ಸಣ್ಣ ಗಾಯ ಮಾಡತದ, ಅದರಾಗ ರೋಗಾಣು ಹೊಕ್ಕತಾವ. ದವಾಖಾನಿಯವರೇ ಬಿಟ್ಟ ಬ್ಲೇಡನ್ನು ನಾವು ತೊಡೆಸಂದಿಗೆ ಹಚ್ಚತೀವಿ.

ಬ್ಲೇಡೇ ಬೇಕು ಅನ್ನುವವರು ಮೊದಲು ಕತ್ತರಿಯಿಂದ ಗಿಡ್ಡ ಮಾಡಿಕೊಳ್ಳಿರಿ, ಬಿಸಿನೀರಿನ ಜಳಕದಾಗ ಕೂದಲು ನೆನೆಯಲಿ, ಸಾಬೂನಿನ ನೊರೆ ಹಚ್ಚಿರಿ, ಹೊಸ ಬ್ಲೇಡು ಹಾಕಿ ಕೂದಲು ಹೊರಳಿದ ದಿಕ್ಕಿಗೇ ಎಳೀರಿ. ಎದುರು ದಿಕ್ಕಿಗೆ ಎಳೆದರೆ ನುಣುಪು ಆಗತದ, ಖರೆ. ಗುಂಗುರು ಕೂದಲಿನವರಿಗೆ ಮುಂದೆ ಅದೇ ಕೂದಲು ಹೊರಗ ಬರಲಾರದೆ ಚರ್ಮದೊಳಗೇ ಸುರುಳಿ ಸುತ್ತಿ ಗುಳ್ಳೆ ಎಬ್ಬಿಸತದ. ಅದನ್ನು ಉಗುರಿನಿಂದ ಚಿವುಟಿದರೆ ಕೀವು. ಗಜಕರ್ಣ ಇದ್ದ ಜಾಗದ ಮೇಲೆ ಬ್ಲೇಡು ಎಳೆದರೆ ಅದು ಹೊಲಕ್ಕೆ ಬೀಜ ಬಿತ್ತಿದಂಗ, ಸುತ್ತ ಹರಡತದ. ಬೋಳಿಸಿದರೆ ಕೂದಲು ದಪ್ಪ ಬರತಾವ ಅನ್ನೋ ಮಾತು ನಮ್ಮಲ್ಲಿ ಬೇರು ಬಿಟ್ಟದ, ಅದು ಸುಳ್ಳು. ಅಮೇರಿಕಾದ ಮಿಲ್ಡ್ರೆಡ್ ಟ್ರಾಟರ್ ಅನ್ನುವ ಹೆಣ್ಣುಮಗಳು 1928ರಲ್ಲೇ ನಾಲ್ಕು ಗಂಡಸರ ದಾಡಿ ಅಳೆದು ತೋರಿಸ್ಯಾಳ. ಜೋಳ ಕೊಯ್ದ ಹೊಲದಾಗ ಬರಿಗಾಲಲೆ ನಡೆದು ನೋಡ್ರಿ, ಕೂಳೆ ಹೆಂಗ ಚುಚ್ಚತದ. ದಂಟು ದಪ್ಪ ಆಗ್ಯದೇನು? ತುದಿ ಹೋಗಿ ಮೊಂಡು ಉಳಿದದ, ಅಷ್ಟೇ.

ಹಡಪದ ಅಂಗಡಿಯ ಮಾತು ಬಂತು. ಹಡಪದ ಅಪ್ಪಣ್ಣನವರು ಕಲ್ಯಾಣದೊಳಗೆ ಬಸವಣ್ಣನವರ ಬಲಗೈ ಆಗಿದ್ದವರು, ಸ್ವತಃ ವಚನಕಾರರು. 1890ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಮಾತಿಗೆ ಮುಂಬಯಿಯ ನಾವಿಗಳು ಸಭೆ ಸೇರಿ, ವಿಧವೆಯರ ತಲೆ ಬೋಳಿಸೋದಿಲ್ಲ ಅಂತ ವಸ್ತರಾ ಕೆಳಗಿಟ್ಟರು. ಇಡೀ ದೇಶದ ಪಂಡಿತರು ಮಾಡದ ಕೆಲಸ ಆ ಕೈಗಳು ಮಾಡಿದವು. ಅಂಥವರ ಅಂಗಡಿಗೆ ಹೋಗಿ "ಬಗಲು ತೆಗಿ" ಅಂತ ಕೈ ಎತ್ತಿ ಹುಕುಂ ಮಾಡುವವರು ಇನ್ನೂ ಅದಾರ, ಅದೂ ಏಕವಚನದಾಗ. ಅವರು ಮಾಡಲಿಕ್ಕಿಲ್ಲ ಅಂದರೆ ಅದು ಅವರ ಹಕ್ಕು. ಮಾಡತಾರ ಅಂದರೆ ಬಾಯಿತುಂಬ ಕೇಳಿರಿ, ಬೇರೆ ರೊಕ್ಕ ಕೊಡ್ರಿ, ಮತ್ತು ಹೊಸ ಬ್ಲೇಡು ನಿಮ್ಮ ಕಣ್ಣ ಮುಂದೆ ಕಾಗದ ಬಿಚ್ಚಿ ಹಾಕಲಿ. ಕಾಮಾಲೆ ತರುವ ಹೆಪಟೈಟಿಸ್ ಬಿ ರೋಗಾಣು ಒಣಗಿದ ರಕ್ತದೊಳಗೂ ಏಳು ದಿನ ಜೀವ ಹಿಡಿದಿರತದ. ಹಾಸ್ಟೆಲ್ಲಿನಾಗ, ತಾಲೀಮಿನಾಗ ಒಂದೇ ರೇಜರು ಐದು ಮಂದಿ ಹಚ್ಚಿಕೊಳ್ಳೋದು ಅಂದರೆ ಐದು ಮಂದಿ ರಕ್ತ ಕೂಡಿಸಿದಂಗ.

ಇನ್ನು ಕ್ರೀಮು. ಇದರ ಮೇಲೆ ನನಗೆ ಹಳೇ ಸಿಟ್ಟು ಅದ. ನಾನು ಸತ್ಯಭಾಮೆ ಆದ ಹೊಸತರಾಗ ಮೇಳದ ಹಿರಿಯರು ಒಬ್ಬ ಹಡಪದ ಅಣ್ಣನನ್ನು ಕರೆಸಿ ವಸ್ತರಾದಿಂದ ನನ್ನ ಕೈ ಎದೆ ಮಾಡಿಸುತ್ತಿದ್ದರು. ಒಂದು ಜಾತ್ರೆಗೆ ಅವ ಬರಲಿಲ್ಲ. ನಾನು ಬಜಾರಕ್ಕೆ ಹೋಗಿ ಕೂದಲು ಉದುರಿಸುವ ಪುಡಿ ತಂದೆ. ಹೆಸರಿಲ್ಲದ ಪುಡಿಕೆ, ನೀರಾಗ ಕಲಸಿದರೆ ಕೊಳೆತ ತತ್ತಿಯ ವಾಸನೆ. ಗಂಧಕ ಕೂಡಿದ ಬೇರಿಯಂ ಪುಡಿ ಇದ್ದೀತು ಅಂತ ಈಗ ನನ್ನ ಅಳಿಯ ಹೇಳತಾನ. ಅದಕ್ಕೂ ಹಿಂದೆ ಹರದಾಳ ಮತ್ತು ಸುಣ್ಣ ಕಲಸಿ ಹಚ್ಚುತ್ತಿದ್ದರಂತ, ಹರದಾಳ ಅಂದರೆ ಪಾಷಾಣದ ಕುಲ. ಹಚ್ಚಿಕೊಂಡು ಹಾಡು ನೆನಪು ಮಾಡಿಕೊಳ್ಳುತ್ತ ಕೂತೆ, ಹೊತ್ತು ಹೋದದ್ದು ತಿಳಿಯಲಿಲ್ಲ. ಎರಡೂ ಮುಂಗೈ ಬೊಬ್ಬೆ ಎದ್ದವು. ಆ ರಾತ್ರಿ ಸತ್ಯಭಾಮೆ ಉದ್ದ ತೋಳಿನ ಕುಬಸ ತೊಟ್ಟು, ಬೆಳಗಾಗೋತನಕ ಕೃಷ್ಣನ ಮೇಲೆ ಖರೇ ಸಿಟ್ಟಿನಿಂದ ಹಾಡಿದಳು. ಮಂದಿ ಬಹಳ ಮೆಚ್ಚಿದರು, ಮುಯ್ಯಿ ಹಾಕಿದರು. ಬಲಗೈ ಮೇಲಿನ ಕಲೆ ಇನ್ನೂ ಅದ.

ಈಗಿನ ಕ್ರೀಮಿನಾಗ ಪಾಷಾಣ ಇಲ್ಲ, ಥಯೋಗ್ಲೈಕೋಲೇಟ್ ಅನ್ನೋ ಕ್ಷಾರದ ಔಷಧ ಇರತದ. ಅದು ಕೂದಲಿನೊಳಗಿನ ಕಟ್ಟು ಬಿಚ್ಚಿ ಕೂದಲನ್ನು ಕೊಳೆತ ದಾರದಂಗ ಮಾಡತದ. ತೊಂದರೆ ಏನಂದ್ರ, ಕೂದಲು ಯಾವ ವಸ್ತುವಿನಿಂದ ಆಗ್ಯದೋ ಚರ್ಮದ ಮೇಲಿನ ಪದರೂ ಅದೇ ವಸ್ತುವಿನಿಂದ ಆಗ್ಯದ. ಮೊದಲು ಕೂದಲು ಕರಗತದ, ಹೊತ್ತು ಮೀರಿದರೆ ಚರ್ಮ. ಅದಕ್ಕೇ ಡಬ್ಬಿಯ ಮೇಲೆ ನಿಮಿಷದ ಲೆಕ್ಕ ಬರೆದಿರತಾರ, ಐದೋ ಹತ್ತೋ, ಅದಕ್ಕಿಂತ ಒಂದು ನಿಮಿಷ ಹೆಚ್ಚು ಬ್ಯಾಡ. ಹಿಂದಿನ ದಿನ ಬಟ್ಟಿನಷ್ಟು ಜಾಗಕ್ಕೆ ಹಚ್ಚಿ ತೊಳೆದು, ಒಂದು ದಿನ ಕಾದು ನೋಡಬೇಕು. ಬೋಳಿಸಿದ ದಿನ, ಗಾಯದ ಮೇಲೆ ಹಚ್ಚಬಾರದು. ಕೈ, ಕಾಲು, ಎದೆ, ಬೆನ್ನಿಗೆ ಇಷ್ಟು ನೇಮ ಹಿಡಿದರೆ ನಡೆದೀತು. ಕೆಳಗಿನ ಜಾಗಕ್ಕೆ ಮಾತ್ರ ಬಿಲಕುಲ್ ಬ್ಯಾಡ. ಅಲ್ಲಿಯ ಚರ್ಮ ಉಳ್ಳಾಗಡ್ಡಿ ಪೊರೆಯಂಥಾದ್ದು. ಉರಿ ಹತ್ತಿತೋ, ತಣ್ಣೀರು ಸುರುವಿ ಸುರುವಿ ತೊಳೀರಿ, ಅರಿಶಿಣ ಪೇಸ್ಟು ಸುಣ್ಣ ಏನೂ ಹಚ್ಚದೆ ದವಾಖಾನಿಗೆ ನಡೀರಿ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಜಾಗದ ಕೀವು ಏರಿದರೆ ಜೀವಕ್ಕೇ ಬರತದ.

ವ್ಯಾಕ್ಸ್ ಅಂತ ಒಂದು, ಬಿಸಿ ಮೇಣ ಹಚ್ಚಿ ಬಟ್ಟೆ ಅಂಟಿಸಿ ಜಗ್ಗೋದು. ಬುಡಸಹಿತ ಬರತದ, ಮೂರ್ನಾಲ್ಕು ವಾರ ತಡೀತದ, ಬೆನ್ನಿಗೆ ಆದೀತು. ನೋವು ತಡೆಯುವವರು ಮಾಡಿಸಿರಿ, ಗುಳ್ಳೆ ಬರೋದು ಇದರಾಗೂ ತಪ್ಪೋದಿಲ್ಲ. ಮೂಗಿನೊಳಗಿನ ಕೂದಲನ್ನು ಮಾತ್ರ ಯಾರೂ ಕೀಳಬ್ಯಾಡ್ರಿ, ಮೇಣವೂ ಬ್ಯಾಡ, ಚಿಮಟಿಗೆಯೂ ಬ್ಯಾಡ. ಅದು ಧೂಳು ಸೋಸುವ ಜಾಳಿಗೆ. ಹೊರಗ ಕಂಡಷ್ಟನ್ನು ಕತ್ತರಿಸಿದರೆ ಸಾಕು.

ಲೇಸರಿನ ಮಾತಿಗೆ ನಮ್ಮ ಹುಡುಗರ ಕಣ್ಣು ಹೊಳೀತಾವ. ಒಬ್ಬ ಹುಡುಗ ಅದಕ್ಕಂತ ಕಂತಿನ ಸಾಲ ಮಾಡಲಿಕ್ಕೆ ಹೊಂಟಿದ್ದ. ಒಂದು ಸಲಕ್ಕೆ ಮುಗಿಯೋದಲ್ಲ ಅದು, ನಾಲ್ಕಾರು ವಾರಕ್ಕೊಮ್ಮೆ ಆರೆಂಟು ಸಲ. ಆದ ಮೇಲೂ ಕೂದಲು ಕಡಿಮೆ ಆಗತಾವ, ಪೂರಾ ಹೋಗೋದಿಲ್ಲ. ಲೇಸರಿನ ಬೆಳಕು ಕಪ್ಪು ಬಣ್ಣ ಹುಡುಕಿ ಹೋಗಿ ಕೂದಲಿನ ಬುಡ ಸುಡತದ. ನಮ್ಮ ಚರ್ಮವೂ ಕಪ್ಪು, ಯಂತ್ರ ಸರಿ ಇಲ್ಲದಿದ್ದರೆ ಅಥವಾ ನಡೆಸುವವ ಹೊಸಬ ಇದ್ದರೆ ಅದನ್ನೂ ಸುಡತದ. ಕಪ್ಪು ಚರ್ಮಕ್ಕೆ ಎನ್‌ಡಿ ಯಾಗ್ ಅನ್ನೋ ಬೇರೆ ತರದ ಲೇಸರು ಬೇಕಾಗತದ, ಚರ್ಮದ ಡಾಕ್ಟರರನ್ನೇ ಕೇಳಬೇಕು, ಬಾಗಿಲಿಗೆ ಬಣ್ಣದ ದೀಪ ಹಚ್ಚಿದ ಅಂಗಡಿಯವನನ್ನಲ್ಲ. ಎಲ್ಲಕ್ಕಿಂತ ದೊಡ್ಡ ಮಾತು, ಮೊದಲೂ ಆಮೇಲೂ ವಾರಗಟ್ಟಲೆ ಬಿಸಿಲಿಗೆ ಬೀಳಬಾರದು. ಜೋಳ ರಾಶಿ ಮಾಡುವವನಿಗೆ, ತೊಗರಿ ಕೊಯ್ಯುವವನಿಗೆ ಬಿಸಿಲಿಗೆ ಬೀಳಬ್ಯಾಡ ಅಂದರೆ ಹೆಂಗ? ನನ್ನಂಥ ಬಿಳಿಗೂದಲಿನವರಿಗಂತೂ ಅದು ನಡೆಯೋದೇ ಇಲ್ಲ, ಬೆಳಕಿಗೆ ಹಿಡಿಯಲಿಕ್ಕೆ ಕಪ್ಪು ಉಳಿದಿಲ್ಲ.

ರೈತ ಹುಡುಗರಿಗೆ ಇನ್ನೊಂದು ಮಾತು, ಇದನ್ನು ಯಾವ ಜಾಹೀರಾತಿನವನೂ ಹೇಳೋದಿಲ್ಲ. ಬೋಳಿಸಿದ ಕೈಯಿಂದ ಕಬ್ಬಿನ ರವದಿಯೊಳಗೆ ಹೊಕ್ಕು ನೋಡ್ರಿ, ಸಂಜೀಕ ಮೈಯೆಲ್ಲಾ ಗೀರು. ಅದು ಹೋಗಲಿ. ಬೋಳಿಸಿಕೊಂಡ ದಿನ, ಮರುದಿನ ದ್ರಾಕ್ಷಿಗೆ, ತೊಗರಿಗೆ ಔಷಧ ಹೊಡೀಲಿಕ್ಕೆ ಹೋಗಲೇಬ್ಯಾಡ್ರಿ. ಅಮೇರಿಕಾದ ಚರ್ಮದ ವೈದ್ಯ ಮೈಬಾಕ್ ಮತ್ತು ಜೊತೆಗಾರರು 1971ರಲ್ಲಿ ಪ್ಯಾರಾಥಿಯಾನ್ ಕೀಟನಾಶಕವನ್ನು ಮನುಷ್ಯರ ಚರ್ಮಕ್ಕೆ ಸ್ವಲ್ಪ ಸ್ವಲ್ಪ ಹಚ್ಚಿ ಅಳೆದರು. ಮುಂಗೈ ಚರ್ಮ ನೂರಕ್ಕೆ ಒಂಬತ್ತು ಪಾಲಿನಷ್ಟು ಒಳಗೆ ತಗೊಂಡರೆ, ಅಂಡದ ಚೀಲದ ಚರ್ಮ ಹೆಚ್ಚುಕಡಿಮೆ ಹಚ್ಚಿದ್ದಷ್ಟನ್ನೂ ಒಳಗೆ ಎಳೆದುಕೊಂಡಿತು. ಅದೂ ಗಾಯ ಇಲ್ಲದ ಚರ್ಮ. ಪಂಪಿನಿಂದ ಸೋರಿದ ಔಷಧ ಬೆನ್ನಿಗುಂಟ ಇಳಿದು ಚಡ್ಡಿ ತೊಯ್ಯೋದು ನಮಗೆಲ್ಲಾ ಗೊತ್ತಿದ್ದದ್ದೇ. ಹಿಂದಿನ ರಾತ್ರಿ ಬ್ಲೇಡು ಎಳೆದ ಜಾಗಕ್ಕೆ ಅದು ಇಳಿದರೆ ಏನಾಗಬಹುದು, ನೀವೇ ಲೆಕ್ಕ ಹಾಕಿರಿ.

ಕಡೆಗೆ ನಮ್ಮ ಮಾಸ್ತರರಿಗೆ, ಗುರುಮಾತೆಯರಿಗೆ ಒಂದು ವಿನಂತಿ. ವಿನಂತಿ ಅಲ್ಲ, ತಕರಾರು. ವಿಜ್ಞಾನದ ಪುಸ್ತಕದಾಗ ಹೂವಿನ ಕೇಸರ ಕಲಿಸತೀರಿ, ಕಪ್ಪೆಯ ಹೊಟ್ಟೆ ಕಲಿಸತೀರಿ. ಹದಿಮೂರು ವರ್ಷದ ಹುಡುಗನ ಬಗಲಾಗ ಕೂದಲು ಮೂಡಿದಾಗ ಮಾತ್ರ ಆ ಪಾಠ ಬಂತಂದ್ರ "ಮನೆಯಾಗ ಓದಿಕೊಳ್ರಿ" ಅಂತೀರಿ. ಮನೆಯಾಗ ಯಾರು ಓದಿಸತಾರ? ಅಪ್ಪ ಓದಿಸೋದಿಲ್ಲ, ನಾನು ಓದಿಸಲಿಲ್ಲ. ಹುಡುಗ ಹೋಗಿ ಬೋಲ್ಟು ಹಾಕಿದ ಬಚ್ಚಲದಾಗ ಡಬ್ಬಿಯಿಂದ ಕಲೀತಾನ. ಎಂಟನೇ ಇಯತ್ತೆಯ ಹುಡುಗರಿಗೆ ವರ್ಷಕ್ಕೆ ಒಂದು ತಾಸು ಇದಕ್ಕೆ ಇಡ್ರಿ. ಹೆಣ್ಣುಮಕ್ಕಳಿಗೆ ಬಾಯಿಯವರು ಬೇರೆ ಕೂಡಿಸಿಕೊಂಡು ಹೇಳಲಿ. ನಿಮಗೆ ನಾಚಿಕೆ ಅಂದರೆ ನನ್ನ ಕರೀರಿ. ಹೋದ ಸಲ ಬರೆದ ಹಿರಿಯರನ್ನೂ ಜೋಡಿ ಕರ್ಕೊಂಡು ಬರತೀನಿ, ಅವರು ಎದೆಗೂದಲಿನ ಪರವಾಗಿ ಮಾತಾಡಲಿ, ನಾನು ಕತ್ತರಿಯ ಪರವಾಗಿ, ಹುಡುಗರು ಕೇಳಲಿ. ಮೊದಲು ಸತ್ಯಭಾಮೆಯ ಎರಡು ಪದ ಹಾಡತೀನಿ. ಆಮೇಲೆ ತೋಳು ಏರಿಸಿ ಬಲಗೈ ಮೇಲಿನ ಕಲೆ ತೋರಿಸತೀನಿ. ಮೊಮ್ಮಗನೂ ಬರತೀನಿ ಅಂದಾನ, ಅವನ ಕಲೆ ತೋರಿಸುವಂಥಾದ್ದಲ್ಲ, ಆದರ ಬಾಯಿಂದ ಹೇಳಲಿಕ್ಕೆ ತಯಾರದಾನ.